ಯಾರೂ ನುಡಿಸದ ಸಿಂಫನಿಗಳು ನಮ್ಮ ಕಿವಿಗೆ ಬಿದ್ದದ್ದು ಹೇಗೆ

ಹ್ಯಾವರ್ಗಲ್ ಬ್ರಿಯಾನ್ ಎಂಬ ಇಂಗ್ಲಿಷ್ ಸಂಯೋಜಕರು ತಾವೇ ಬರೆದ ಸಿಂಫನಿಯೊಂದನ್ನು (ಇಡೀ ಆರ್ಕೆಸ್ಟ್ರಾ ಸೇರಿ ನುಡಿಸುವ ದೊಡ್ಡ ಕೃತಿ) ಮೊದಲ ಸಲ ಕಿವಿಯಾರೆ ಕೇಳಿದ್ದು 1954ರ ಫೆಬ್ರವರಿಯಲ್ಲಿ. ಆಗ ಅವರಿಗೆ 78 ವರ್ಷ. ಅದು ಅವರ ಎಂಟನೆಯ ಸಿಂಫನಿ. ಅದಕ್ಕೂ ಮೊದಲು ಬರೆದ ಏಳರಲ್ಲಿ ಒಂದನ್ನೂ ಯಾರೂ ನುಡಿಸಿರಲಿಲ್ಲ. ಆದರೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. 1972ರಲ್ಲಿ ತೀರಿಕೊಳ್ಳುವ ಹೊತ್ತಿಗೆ 32 ಸಿಂಫನಿ ಬರೆದಿದ್ದರು. ಹೆಚ್ಚಿನವು 70 ದಾಟಿದ ಮೇಲೆ ಬರೆದವು.

ಇವತ್ತು ಆ 32 ಸಿಂಫನಿಗಳೂ ರೆಕಾರ್ಡಿಂಗ್‌ನಲ್ಲಿ ಸಿಗುತ್ತವೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕೂತು ಯಾರು ಬೇಕಾದರೂ ಕೇಳಬಹುದು. ಅದೇ ಲಂಡನ್ನಿನ ಸಭಾಂಗಣದಲ್ಲಿ ಕೂತು ಕೇಳಬೇಕೆಂದರೆ ವರ್ಷಗಟ್ಟಲೆ ಕಾಯಬೇಕು. ಸಭಾಂಗಣ ಕೈಬಿಟ್ಟ ಸಂಗೀತವನ್ನು ರೆಕಾರ್ಡಿಂಗ್ ಹೇಗೆ ಎತ್ತಿಕೊಂಡಿತು? ಅದಕ್ಕೆ ದುಡ್ಡು ಕೊಟ್ಟವರು ಯಾರು? ನುಡಿಸಿದವರು ಯಾರು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು. ಏಕೆಂದರೆ ಒಂದು ಕೃತಿ ಮರೆತುಹೋಗಿದೆ ಅಂದ ಕೂಡಲೇ ನಾವು ಅದು ಚೆನ್ನಾಗಿಲ್ಲ ಎಂದುಕೊಂಡುಬಿಡುತ್ತೇವೆ. ಆರ್ಕೆಸ್ಟ್ರಾ ಸಂಗೀತದ ಮಟ್ಟಿಗೆ ಈ ಎಣಿಕೆ ಬಹಳ ಸಲ ತಪ್ಪು.

ಇಲ್ಲಿ ಹೇಳುತ್ತಿರುವುದು ಎಲ್ಗರ್, ಹೋಲ್ಸ್ಟ್, ವಾನ್ ವಿಲಿಯಮ್ಸ್, ವಾಲ್ಟನ್, ಬೆಂಜಮಿನ್ ಬ್ರಿಟನ್ ಇವರ ವಿಷಯ ಅಲ್ಲ. ಅವರಿಗೆ ಜಾಗ ಸಿಕ್ಕಿತು. ಅವರ ಪಕ್ಕದಲ್ಲೇ ಬದುಕಿ, ಅವರ ಹಾಗೆಯೇ ದೊಡ್ಡ ದೊಡ್ಡ ಕೃತಿಗಳನ್ನು ಬರೆದು, ಆಮೇಲೆ ಕಾಣೆಯಾದವರ ವಿಷಯ ಇದು. ಆರ್ನಲ್ಡ್ ಬ್ಯಾಕ್ಸ್, ಇ. ಜೆ. ಮೊರಾನ್, ಜಾನ್ ಫೌಲ್ಡ್ಸ್, ಎಡ್ಮಂಡ್ ರಬ್ರಾ, ಜಾರ್ಜ್ ಲಾಯ್ಡ್, ರೂತ್ ಗಿಪ್ಸ್, ಬ್ರಿಯಾನ್. ಪಟ್ಟಿ ಇನ್ನೂ ಉದ್ದ ಇದೆ.

ಕಾಗದದ ಮೇಲಿನ ಸಂಗೀತ

ನಮ್ಮಲ್ಲಿ ಒಂದು ಕೃತಿ ಉಳಿಯಲು ಒಬ್ಬ ಗುರು, ಒಬ್ಬ ಶಿಷ್ಯ ಇದ್ದರೆ ಸಾಕು. ಬಾಯಿಂದ ಬಾಯಿಗೆ ಬಂದರೂ ಅದು ಬದುಕುತ್ತದೆ. ಮನೆಯ ಜಗಲಿಯ ಮೇಲೆ ಕೂತು ಒಬ್ಬರೇ ಹಾಡಿಕೊಂಡರೂ ಕೃತಿ ಪೂರ್ತಿಯಾಗಿ ಅಲ್ಲಿರುತ್ತದೆ. ಸಿಂಫನಿಗೆ ಈ ಅನುಕೂಲ ಇಲ್ಲ. ಅದನ್ನು ಕೇಳಬೇಕಾದರೆ 70–80 ವಾದಕರು ಒಂದೇ ಕಡೆ ಸೇರಬೇಕು. ಅವರು ಸೇರದಿದ್ದರೆ ಅದು ಬರೀ ಕಾಗದ.

ಕಾಗದದಲ್ಲೂ ಎರಡು ಬಗೆ. ಒಂದು, ಎಲ್ಲ ವಾದ್ಯಗಳ ಸ್ವರಗಳನ್ನೂ ಒಂದರ ಕೆಳಗೊಂದು ಬರೆದ ಪೂರ್ಣ ಪ್ರತಿ. ಇದು ಆರ್ಕೆಸ್ಟ್ರಾವನ್ನು ನಡೆಸುವ ನಿರ್ದೇಶಕರ ಮುಂದೆ ಇರುತ್ತದೆ. ಇನ್ನೊಂದು, ಒಬ್ಬೊಬ್ಬ ವಾದಕರಿಗೂ ಬೇರೆ ಬೇರೆ ಬರೆದುಕೊಡುವ ಹಾಳೆಗಳು. ಕೊಳಲಿನವರಿಗೆ ಕೊಳಲಿನ ಸಾಲು ಮಾತ್ರ, ಚೆಲ್ಲೊದವರಿಗೆ ಚೆಲ್ಲೊ ಸಾಲು ಮಾತ್ರ. ಸಂಯೋಜಕರು ಪೂರ್ಣ ಪ್ರತಿ ಬರೆದುಬಿಟ್ಟರೆ ಕೆಲಸ ಮುಗಿಯುವುದಿಲ್ಲ. ಯಾರಾದರೂ ಕೂತು ವಾದಕರ ಹಾಳೆಗಳನ್ನು ನಕಲು ಮಾಡಬೇಕು. ಕೈಯಲ್ಲಿ ನಕಲು ಮಾಡುವ ಕಾಲದಲ್ಲಿ ಅದಕ್ಕೆ ವಾರಗಟ್ಟಲೆ ಸಮಯ, ಕೈತುಂಬ ದುಡ್ಡು ಬೇಕಿತ್ತು. ತಪ್ಪುಗಳೂ ನುಸುಳುತ್ತಿದ್ದವು. ಒಂದು ಸ್ವರ ಅರ್ಧ ಸ್ಥಾನ ಏರುಪೇರಾದರೂ ಅಷ್ಟು ಜನರ ನಡುವೆ ಅದನ್ನು ಹುಡುಕಿ ಸರಿಮಾಡಲು ತಾಲೀಮಿನ ಹೊತ್ತು ಹೋಗುತ್ತಿತ್ತು. ಪ್ರಕಾಶಕರು ಈ ಹಾಳೆಗಳನ್ನು ಸಾಮಾನ್ಯವಾಗಿ ಮಾರುವುದಿಲ್ಲ, ಬಾಡಿಗೆಗೆ ಕೊಡುತ್ತಾರೆ. ಪ್ರಕಾಶಕರೇ ಇಲ್ಲದ ಕೃತಿಯಾದರೆ ಹಾಳೆ ಸಂಯೋಜಕರ ಮನೆಯ ಅಟ್ಟದ ಮೇಲೆ.

ಈಗ ಒಂದು ಆರ್ಕೆಸ್ಟ್ರಾದ ವ್ಯವಸ್ಥಾಪಕರ ಜಾಗದಲ್ಲಿ ನಿಂತು ಯೋಚಿಸಿ. ಹೆಸರು ಕೇಳದ ಸಿಂಫನಿ ಇಟ್ಟರೆ ಟಿಕೆಟ್ ಕಡಿಮೆ ಹೋಗುತ್ತದೆ. ವಾದಕರಿಗೆ ಹೊಸದಾದ್ದರಿಂದ ತಾಲೀಮು ಜಾಸ್ತಿ ಬೇಕು. ಅಂದರೆ ಖರ್ಚು ಹೆಚ್ಚು, ಆದಾಯ ಕಡಿಮೆ. ಹಾಗಾಗಿ ಯಾರೂ ಇಡುವುದಿಲ್ಲ. ಇಡದೆ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಿಲ್ಲದ್ದರಿಂದ ಮತ್ತೆ ಯಾರೂ ಇಡುವುದಿಲ್ಲ.

ರೆಕಾರ್ಡಿಂಗ್ ಬಂದು ಈ ಸುತ್ತನ್ನು ಒಂದು ಕಡೆ ಕತ್ತರಿಸಿತು. ಸಭಾಂಗಣಕ್ಕೆ ಒಂದೇ ಊರಿನಲ್ಲಿ, ಒಂದೇ ಸಂಜೆ ಸಾವಿರ ಜನ ಬೇಕು. ರೆಕಾರ್ಡಿಂಗ್‌ಗೆ ಅದೇ ಸಾವಿರ ಜನ ಜಗತ್ತಿನ ಎಲ್ಲೆಲ್ಲೋ ಇದ್ದು, ಹತ್ತು ವರ್ಷದಲ್ಲಿ ಯಾವಾಗಲೋ ಕೊಂಡರೂ ನಡೆಯುತ್ತದೆ. ಕಡಿಮೆ ಜನರ ಆಸಕ್ತಿಯ ಸಂಗೀತಕ್ಕೆ ಇದರಿಂದ ದಾರಿ ತೆರೆಯಿತು.

ಮರೆವು ಬಂದ ಬಗೆ

1930ರ ದಶಕದಲ್ಲಿ ಬ್ಯಾಕ್ಸ್ ಇಂಗ್ಲೆಂಡಿನ ದೊಡ್ಡ ಹೆಸರು. ಏಳು ಸಿಂಫನಿ ಬರೆದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅರಮನೆಯ ಸಂಗೀತಾಧಿಕಾರಿಯ ಪದವಿಯೂ ಸಿಕ್ಕಿತು. 1953ರಲ್ಲಿ ಅವರು ತೀರಿಕೊಂಡ ಮೇಲೆ ಕೆಲವೇ ವರ್ಷಗಳಲ್ಲಿ ಆ ಸಿಂಫನಿಗಳು ಕಾರ್ಯಕ್ರಮ ಪಟ್ಟಿಗಳಿಂದ ಮಾಯವಾದವು. ಯುದ್ಧದ ನಂತರ ಅಭಿರುಚಿ ತಿರುಗಿತ್ತು. ಉದ್ದನೆಯ, ಭಾವ ತುಂಬಿದ, ಸಮುದ್ರ ಮಂಜು ಪುರಾಣಗಳ ನೆನಪಿನ ಸಂಗೀತ ಹಳತು ಎನ್ನಿಸಿಕೊಂಡಿತು.

ಇದಕ್ಕೆ ಬಿಬಿಸಿಯ ವಿಷಯವೂ ಸೇರಿಕೊಂಡಿತು. ಬ್ರಿಟನ್ನಿನಲ್ಲಿ ಹೊಸ ಆರ್ಕೆಸ್ಟ್ರಾ ಕೃತಿಗಳಿಗೆ ಬಿಬಿಸಿ ಬಹುತೇಕ ಒಂದೇ ಹೆಬ್ಬಾಗಿಲು. ಅದರ ಕೈಯಲ್ಲಿ ಸ್ವಂತ ಆರ್ಕೆಸ್ಟ್ರಾಗಳಿದ್ದವು, ರೇಡಿಯೊ ಇತ್ತು, ಪ್ರಾಮ್ಸ್ ಎಂಬ ಸಂಗೀತ ಉತ್ಸವ ಇತ್ತು. 1959ರಲ್ಲಿ ವಿಲಿಯಂ ಗ್ಲಾಕ್ ಅಲ್ಲಿನ ಸಂಗೀತ ವಿಭಾಗದ ಮುಖ್ಯಸ್ಥರಾದರು. ಯುರೋಪಿನ ಹೊಸ ಪ್ರಯೋಗಗಳನ್ನು ಬ್ರಿಟಿಷ್ ಕೇಳುಗರಿಗೆ ತಲುಪಿಸಬೇಕು ಎಂಬುದು ಅವರ ಹಟ. ಅದರಿಂದ ಒಳ್ಳೆಯದೂ ಆಯಿತು. ಆದರೆ ಹಳೆಯ ರೀತಿಯಲ್ಲಿ ಒಂದು ಆಧಾರ ಸ್ವರ ಹಿಡಿದು ಬರೆಯುತ್ತಿದ್ದ ಎಷ್ಟೋ ಸಂಯೋಜಕರಿಗೆ ಬಾಗಿಲು ಮುಚ್ಚಿದಂತಾಯಿತು. ಬಿಬಿಸಿಯಲ್ಲಿ ಗುಟ್ಟಾದ ನಿಷೇಧ ಪಟ್ಟಿಯೇ ಇತ್ತು ಎಂದು ಕೆಲವರು ನಂಬಿದರು. ಇತ್ತೋ ಇಲ್ಲವೋ ಎಂಬ ವಾದ ಇನ್ನೂ ಮುಗಿದಿಲ್ಲ. ಅದೇ ಬಿಬಿಸಿಯ ಒಳಗಿದ್ದ ರಾಬರ್ಟ್ ಸಿಂಪ್ಸನ್ ಎಂಬ ಕಾರ್ಯಕ್ರಮ ನಿರ್ಮಾಪಕರು ಬ್ರಿಯಾನ್ ಅವರ ಸಿಂಫನಿಗಳನ್ನು ಒಂದೊಂದಾಗಿ ನುಡಿಸಲು ಹಟ ಹಿಡಿದು ಓಡಾಡಿದರು ಎಂಬುದನ್ನೂ ಹೇಳಬೇಕು. ಸಿಂಪ್ಸನ್ ಸ್ವತಃ ಸಿಂಫನಿ ಬರೆಯುತ್ತಿದ್ದವರು.

ಜಾರ್ಜ್ ಲಾಯ್ಡ್ ಕಥೆ ಇವೆಲ್ಲಕ್ಕಿಂತ ಕಠೋರ. ಇಪ್ಪತ್ತರ ಹರೆಯದಲ್ಲೇ ಲಂಡನ್ನಿನಲ್ಲಿ ಅವರ ಒಪೆರಾಗಳು ನಡೆದಿದ್ದವು. ಯುದ್ಧ ಬಂದಾಗ ನೌಕಾಪಡೆಯ ಬ್ಯಾಂಡಿಗೆ ಸೇರಿ ಟ್ರಿನಿಡಾಡ್ ಎಂಬ ಯುದ್ಧನೌಕೆಯಲ್ಲಿ ಆರ್ಕ್‌ಟಿಕ್ ಸಮುದ್ರಕ್ಕೆ ಹೋದರು. 1942ರ ಮಾರ್ಚಿನಲ್ಲಿ ಆ ಹಡಗು ಹಾರಿಸಿದ ಟಾರ್ಪಿಡೊ ತಿರುಗಿ ಬಂದು ಅದಕ್ಕೇ ಬಡಿಯಿತು. ಒಡೆದ ತೊಟ್ಟಿಯ ಎಣ್ಣೆ ಒಳಗೆ ನುಗ್ಗಿ, ಜೊತೆಗಿದ್ದವರಲ್ಲಿ ಹೆಚ್ಚಿನವರು ಕಣ್ಣೆದುರೇ ಮುಳುಗಿಹೋದರು. ಬದುಕುಳಿದ ಲಾಯ್ಡ್ ಮನಸ್ಸು ಮುರಿದುಹೋಗಿತ್ತು. ಹೆಂಡತಿಯ ಆರೈಕೆಯಲ್ಲಿ ನಿಧಾನವಾಗಿ ಚೇತರಿಸಿಕೊಂಡು ಮತ್ತೆ ಬರೆಯಲು ಕೂತರು. ಆಮೇಲೆ ಡಾರ್ಸೆಟ್‌ನಲ್ಲಿ ಕಾರ್ನೇಷನ್ ಹೂವು, ಅಣಬೆ ಬೆಳೆದು ಜೀವನ ಮಾಡಿದರು. ಬೆಳಗಿನ ಜಾವ ಎದ್ದು ಸಿಂಫನಿ, ಹಗಲು ತೋಟ. 1946ರಲ್ಲಿ ಬರೆದ ನಾಲ್ಕನೆಯ ಸಿಂಫನಿಯನ್ನು ಜನ ಕೇಳಿದ್ದು 1981ರಲ್ಲಿ. ಪಿಯಾನೊ ವಾದಕ ಜಾನ್ ಆಗ್ಡನ್, ನಿರ್ದೇಶಕ ಎಡ್ವರ್ಡ್ ಡೌನ್ಸ್ ಇವರಿಬ್ಬರು ಕೈಹಿಡಿಯದಿದ್ದರೆ ಅದೂ ಆಗುತ್ತಿರಲಿಲ್ಲ. ಡೌನ್ಸ್ ನಿರ್ದೇಶನದಲ್ಲಿ ಅವರ ನಾಲ್ಕು, ಐದು, ಎಂಟನೆಯ ಸಿಂಫನಿಗಳು ಲೈರಿಟಾ ಎಂಬ ರೆಕಾರ್ಡ್ ಕಂಪನಿಯಿಂದ ಎಲ್‌ಪಿ ತಟ್ಟೆಗಳಾಗಿ ಬಂದವು. ನಂತರ ಅಮೆರಿಕದ ಆಲ್ಬನಿ ನಗರದ ಆರ್ಕೆಸ್ಟ್ರಾ ಅವರಿಂದ ಹೊಸ ಸಿಂಫನಿಯನ್ನೇ ಬರೆಸಿಕೊಂಡಿತು. ಎಪ್ಪತ್ತು ದಾಟಿದ ಮೇಲೆ ಅವರಿಗೆ ಕೇಳುಗರು ಸಿಕ್ಕರು.

ನಾಲ್ಕು ನಿಮಿಷದ ತಟ್ಟೆಯಲ್ಲಿ ನಲವತ್ತು ನಿಮಿಷದ ಸಿಂಫನಿ

ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು ನಾಲ್ಕು ನಿಮಿಷ. ಸಿಂಫನಿಯನ್ನು ತುಂಡು ತುಂಡು ಮಾಡಿ ನುಡಿಸಬೇಕಿತ್ತು. ಕತ್ತರಿಸಿ ಜೋಡಿಸುವ ಸೌಲಭ್ಯ ಇರಲಿಲ್ಲ. ಒಬ್ಬರು ತಪ್ಪಿದರೆ ಆ ಬದಿ ಪೂರ್ತಿ ಮತ್ತೆ. ಇಷ್ಟು ಕಷ್ಟಪಟ್ಟು ಮಾಡಿದ ತಟ್ಟೆಗಳ ಬೆಲೆಯೂ ಜಾಸ್ತಿ. ಹೆಸರಿಲ್ಲದ ಸಂಯೋಜಕರಿಗಾಗಿ ಯಾವ ಕಂಪನಿ ಮುಂದೆ ಬರುತ್ತದೆ?

ಅದಕ್ಕೆ ಎರಡು ಉಪಾಯ ಹುಟ್ಟಿದವು. ಒಂದು, ಮುಂಗಡ ಚಂದಾ. ಸಾಕಷ್ಟು ಜನ ಮೊದಲೇ ಹಣ ಕಟ್ಟಿದರೆ ಮಾತ್ರ ರೆಕಾರ್ಡ್ ಮಾಡುವುದು. 1930ರ ದಶಕದಲ್ಲಿ ಥಾಮಸ್ ಬೀಚಂ ನಿರ್ದೇಶನದಲ್ಲಿ ಇಂಗ್ಲಿಷ್ ಸಂಯೋಜಕ ಡೀಲಿಯಸ್ ಅವರ ಕೃತಿಗಳ ತಟ್ಟೆಗಳು ಹೀಗೆ ಬಂದವು. ಇನ್ನೊಂದು, ಸರಕಾರದ ಅಥವಾ ಸಿರಿವಂತರ ಹಣ. ಎರಡನೇ ಮಹಾಯುದ್ಧ ನಡೆಯುತ್ತಿರುವಾಗಲೇ ಬ್ರಿಟಿಷ್ ಕೌನ್ಸಿಲ್ ಎಚ್‌ಎಂವಿ ಕಂಪನಿಗೆ ಹಣ ಕೊಟ್ಟು ತನ್ನ ದೇಶದ ಸಂಗೀತವನ್ನು ತಟ್ಟೆಗೆ ಏರಿಸಿತು. ಮೊರಾನ್ ಅವರ ಜಿ ಮೈನರ್ ಸಿಂಫನಿ ರೆಕಾರ್ಡ್ ಆದದ್ದು ಹಾಗೆ, 1942ರ ಕೊನೆಯಲ್ಲಿ. ಮ್ಯಾಂಚೆಸ್ಟರ್‌ನ ಹ್ಯಾಲೆ ಆರ್ಕೆಸ್ಟ್ರಾ ನುಡಿಸಿತು. ನಿರ್ದೇಶಿಸಿದ ಲೆಸ್ಲಿ ಹ್ಯೂವರ್ಡ್ ಕ್ಷಯರೋಗದಿಂದ ಬಳಲುತ್ತಿದ್ದರು. ಮುಂದಿನ ಮೇ ತಿಂಗಳಲ್ಲಿ ಅವರು ತೀರಿಕೊಂಡರು, ಇನ್ನೂ 45 ವರ್ಷ. ಆ ರೆಕಾರ್ಡಿಂಗ್‌ನ ಬಿಗಿ, ವೇಗ ಇವತ್ತಿಗೂ ನನಗೆ ಬೇರೆ ಯಾವುದರಲ್ಲೂ ಸಿಗುವುದಿಲ್ಲ. ನಂತರ ಬಂದ ಎಷ್ಟೋ ರೆಕಾರ್ಡಿಂಗ್‌ಗಳಲ್ಲಿ ಧ್ವನಿ ಸ್ವಚ್ಛ ಇದೆ, ಆದರೆ ಆ ತುರ್ತು ಇಲ್ಲ.

ಸಿರಿವಂತರ ಹಣ ಅಂದೆನಲ್ಲ, ಅಲ್ಲಿ ನಮ್ಮ ಮೈಸೂರು ಬರುತ್ತದೆ. ಜಯಚಾಮರಾಜ ಒಡೆಯರ್ ಅವರು ಕರ್ನಾಟಕ ಸಂಗೀತದಲ್ಲಿ ಶ್ರೀವಿದ್ಯಾ ಅಂಕಿತದ ಕೃತಿಗಳನ್ನು ರಚಿಸಿದವರು ಎಂದು ನಮಗೆ ಗೊತ್ತು. ಪಾಶ್ಚಾತ್ಯ ಸಂಗೀತದಲ್ಲೂ ಅವರಿಗೆ ಅಷ್ಟೇ ಆಳವಾದ ಒಲವು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಅವರೇ ಪಿಯಾನೊ ನುಡಿಸಿ ರೆಕಾರ್ಡ್ ಮಾಡಲು 1940ರ ದಶಕದ ಕೊನೆಯಲ್ಲಿ ಮಹಾರಾಜರು ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾಂಚೆರ್ಟೊವನ್ನು (ಪಿಯಾನೊ ಮುಂದಿದ್ದು ಆರ್ಕೆಸ್ಟ್ರಾ ಜೊತೆಗೂಡುವ ಕೃತಿ) ಅವರಿಗೆ ಅರ್ಪಿಸಿದರು. ಆಗ ಹೊಸದಾಗಿದ್ದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಗೂ ಮೈಸೂರಿನ ಹಣ ಹೋಯಿತು. ಹೆಚ್ಚು ಜನ ಕೇಳದ ಕೃತಿಗಳ ರೆಕಾರ್ಡಿಂಗ್‌ಗಳು ಅದರಿಂದ ಹೊರಬಂದವು. ಅವು ಇಂಗ್ಲಿಷ್ ಕೃತಿಗಳಲ್ಲ, ನಿಜ. ಆದರೆ ಮಾರುಕಟ್ಟೆ ಬೇಡವೆಂದ ಸಂಗೀತವನ್ನು ಒಬ್ಬ ರಸಿಕರು ದುಡ್ಡು ಹಾಕಿ ಉಳಿಸಿದ ಉದಾಹರಣೆ ಇದಕ್ಕಿಂತ ಚೆನ್ನಾಗಿ ಇನ್ನೆಲ್ಲಿ ಸಿಗಬೇಕು? ಇಂಗ್ಲಿಷ್ ಸಂಗೀತಕ್ಕೆ ಅಂಥವರೊಬ್ಬರು ಸಿಕ್ಕಿದ್ದು ಮುಂದಿನ ದಶಕದಲ್ಲಿ.

ರಿಚರ್ಡ್ ಇಟರ್ ಎಂಬ ಒಬ್ಬರು

ರಿಚರ್ಡ್ ಇಟರ್ ಬಕಿಂಗ್‌ಹ್ಯಾಮ್‌ಶೈರ್‌ನ ಬರ್ನ್‌ಹ್ಯಾಮ್ ಎಂಬ ಊರಿನಲ್ಲಿದ್ದರು. ಮನೆಯಲ್ಲೇ ರೆಕಾರ್ಡಿಂಗ್ ಸಲಕರಣೆ ಇಟ್ಟುಕೊಂಡು 1950ರ ದಶಕದಿಂದ ಬಿಬಿಸಿ ರೇಡಿಯೊದಲ್ಲಿ ಬರುವ ಅಪರೂಪದ ಕೃತಿಗಳನ್ನು ಹಿಡಿದಿಡುತ್ತಿದ್ದರು. 1959ರಲ್ಲಿ ಲೈರಿಟಾ ಎಂಬ ಕಂಪನಿ ಶುರುಮಾಡಿದರು. ಮೊದಲು ಪಿಯಾನೊ ಕೃತಿಗಳು, ಅವೂ ತಮ್ಮ ಮನೆಯ ಸಂಗೀತ ಕೋಣೆಯಲ್ಲೇ. 1960ರ ದಶಕದ ನಡುವಿನಿಂದ ಆರ್ಕೆಸ್ಟ್ರಾ ಕೃತಿಗಳಿಗೆ ಕೈಹಾಕಿದರು. ಆಯ್ಕೆ ಎಲ್ಲ ಅವರದೇ. ಮಾರಾಟ ಆಗುತ್ತದೋ ಇಲ್ಲವೋ ಎಂದು ಕೇಳುವ ಮಂಡಳಿ ಅಲ್ಲಿರಲಿಲ್ಲ.

ಧ್ವನಿಯಲ್ಲಿ ಅವರು ರಾಜಿ ಮಾಡಿಕೊಳ್ಳಲಿಲ್ಲ. ಡೆಕ್ಕಾ ಕಂಪನಿಯ ನುರಿತ ಎಂಜಿನಿಯರ್‌ಗಳನ್ನು ಕರೆಸಿದರು. ಲಂಡನ್ನಿನ ಕಿಂಗ್ಸ್‌ವೇ ಹಾಲ್, ವಾಲ್ತಮ್‌ಸ್ಟೊ ಸಭಾಭವನದಂಥ ಒಳ್ಳೆಯ ಅನುರಣನದ ಜಾಗಗಳನ್ನು ಆರಿಸಿದರು. ಕಿಂಗ್ಸ್‌ವೇ ಹಾಲ್ ಕೆಳಗೆ ಸುರಂಗ ರೈಲು ಓಡುತ್ತಿತ್ತು. ಅಲ್ಲಿ ಮಾಡಿದ ಹಳೆಯ ರೆಕಾರ್ಡಿಂಗ್‌ಗಳ ಮೆಲ್ಲನೆಯ ಭಾಗದಲ್ಲಿ ಒಮ್ಮೊಮ್ಮೆ ಅದರ ಗುಡುಗು ಕೇಳಿಸುತ್ತದೆ. ಎಂಬತ್ತರ ಆಸುಪಾಸಿನಲ್ಲಿದ್ದ ಏಡ್ರಿಯನ್ ಬೋಲ್ಟ್ ಅವರಂಥ ಹಿರಿಯ ನಿರ್ದೇಶಕರು ಲೈರಿಟಾಗಾಗಿ ರಬ್ರಾ, ಮೊರಾನ್, ಜಾನ್ ಐರ್ಲೆಂಡ್ ಇವರ ಕೃತಿಗಳನ್ನು ನುಡಿಸಿದರು. ಬ್ಯಾಕ್ಸ್ ಅವರ ಏಳು ಸಿಂಫನಿಗಳಲ್ಲಿ ಐದು ಲೈರಿಟಾದ ಎಲ್‌ಪಿಗಳಲ್ಲಿ ಬಂದವು. ಬ್ಯಾಕ್ಸ್ ಮರೆತುಹೋಗಿದ್ದ ಕಾಲದಲ್ಲಿ ಅವರನ್ನು ಕಿವಿಯ ಹತ್ತಿರ ಇಟ್ಟವು ಈ ಎಲ್‌ಪಿಗಳು.

ಸಿಡಿ ಬಂದಾಗ ಮಾತ್ರ ಒಂದು ದೊಡ್ಡ ಕಂದರ ಬಿತ್ತು. ಎಲ್‌ಪಿಗಳು ಅಂಗಡಿಯಿಂದ ಹೋದವು, ಸಿಡಿಗಳು ಬೆರಳೆಣಿಕೆಯಷ್ಟೇ ಬಂದವು. ಸುಮಾರು ಇಪ್ಪತ್ತು ವರ್ಷ ಲೈರಿಟಾದ ಬಹುಪಾಲು ರೆಕಾರ್ಡಿಂಗ್‌ಗಳು ಹಳೆಯ ತಟ್ಟೆಗಳ ಸಂಗ್ರಹಕಾರರ ಕೈಯಲ್ಲಷ್ಟೇ ಇದ್ದವು. ಮರೆತುಹೋದ ಸಂಗೀತದ ರೆಕಾರ್ಡಿಂಗೇ ಮರೆಯಾದಂತೆ! 2006ರ ಹೊತ್ತಿಗೆ ನಿಂಬಸ್ ಕಂಪನಿಯವರ ಜೊತೆ ಒಪ್ಪಂದವಾಗಿ ಇಡೀ ಭಂಡಾರ ಸಿಡಿಯಲ್ಲಿ ಮರಳಿತು. ಇಟರ್ 2014ರಲ್ಲಿ ತೀರಿಕೊಂಡರು. ಅವರು ರೇಡಿಯೊದಿಂದ ಹಿಡಿದಿಟ್ಟಿದ್ದ ಟೇಪುಗಳೂ ಒಂದೊಂದಾಗಿ ಹೊರಬಂದವು. ಒಬ್ಬ ಮನುಷ್ಯನ ಅಭಿರುಚಿ ಒಂದು ದೇಶದ ಸಂಗೀತ ಚರಿತ್ರೆಯನ್ನು ಇಷ್ಟು ಬದಲಿಸಬಹುದೇ ಎಂದು ನನಗೆ ಈಗಲೂ ಆಶ್ಚರ್ಯ.

ಬಿಬಿಸಿ ಪ್ರಸಾರದ ಟೇಪುಗಳಿಗೆ ಇನ್ನೊಂದು ಕಥೆಯೂ ಇದೆ. ಏರೀಸ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಅನುಮತಿ ಇಲ್ಲದ ಎಲ್‌ಪಿಗಳು ಹೊರಬಂದವು. ರೇಡಿಯೊದಲ್ಲಿ ಬಂದ ಕಾರ್ಯಕ್ರಮವನ್ನೇ ತಟ್ಟೆಗೆ ಇಳಿಸಿ, ಆರ್ಕೆಸ್ಟ್ರಾ ಮತ್ತು ನಿರ್ದೇಶಕರ ಹೆಸರನ್ನು ಬದಲಿಸಿ ಮಾರಿದ್ದರು. ಅದು ಕಳ್ಳತನವೇ. ನುಡಿಸಿದವರಿಗೆ ಒಂದು ಪೈಸೆ ಸಿಗಲಿಲ್ಲ. ಆದರೂ ಬ್ರಿಯಾನ್ ಸಂಗೀತವನ್ನು ಬಹಳ ಜನ ಮೊದಲು ಕೇಳಿದ್ದು ಆ ತಟ್ಟೆಗಳಲ್ಲಿ.

ಬ್ರಿಯಾನ್ ಸಿಂಫನಿಗಳ ಮೊದಲ ಅಧಿಕೃತ ರೆಕಾರ್ಡಿಂಗ್ ಮಾಡಿದ್ದು ಯಾವ ದೊಡ್ಡ ಆರ್ಕೆಸ್ಟ್ರಾವೂ ಅಲ್ಲ, ಶಾಲಾ ಮಕ್ಕಳು. ಲೆಸ್ಟರ್‌ಶೈರ್‌ನ ಶಾಲೆಗಳ ಆರ್ಕೆಸ್ಟ್ರಾ 1972ರಲ್ಲಿ ಹತ್ತು ಮತ್ತು ಇಪ್ಪತ್ತೊಂದನೆಯ ಸಿಂಫನಿಗಳನ್ನು ಯೂನಿಕಾರ್ನ್ ಕಂಪನಿಗೆ ನುಡಿಸಿತು. ಅಲ್ಲಲ್ಲಿ ಶ್ರುತಿ ಜಾರುತ್ತದೆ. ಆದರೂ ಆ ಹದಿಹರೆಯದವರು ಎದೆಗುಂದದೆ ನುಗ್ಗುವ ರೀತಿ ಈ ಕರಡುಮುರುಡು ಸಂಗೀತಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ. ಅದೇ ವರ್ಷ ನವೆಂಬರ್‌ನಲ್ಲಿ ಬ್ರಿಯಾನ್ ತೀರಿಕೊಂಡರು. ತಟ್ಟೆ ಅಂಗಡಿಗೆ ಬರುವ ಹೊತ್ತಿಗೆ ಅವರು ಇರಲಿಲ್ಲ.

ಒಂದು ರೆಕಾರ್ಡಿಂಗ್ ಹುಟ್ಟುವುದು ಹೀಗೆ

ಬ್ರಿಟನ್ನಿನಲ್ಲಿ ಆರ್ಕೆಸ್ಟ್ರಾ ರೆಕಾರ್ಡಿಂಗ್‌ನ ಒಂದು ಪಾಳಿ ಸಾಮಾನ್ಯವಾಗಿ ಮೂರು ಗಂಟೆ. ಅದರಲ್ಲಿ ಬಳಸಲು ಯೋಗ್ಯವಾಗಿ ಸಿಗುವುದು 20 ನಿಮಿಷದ ಸಂಗೀತ ಎಂದು ಲೆಕ್ಕ. ಒಂದು ಸಿಡಿ ತುಂಬಲು ಮೂರು ನಾಲ್ಕು ಪಾಳಿ ಬೇಕು. ವಾದಕರಲ್ಲಿ ಹೆಚ್ಚಿನವರು ಆ ಕೃತಿಯನ್ನು ಅದೇ ದಿನ ಮೊದಲು ನೋಡುತ್ತಿರುತ್ತಾರೆ. ಬ್ರಿಟಿಷ್ ವಾದಕರು ಹಾಳೆ ನೋಡಿದ ತಕ್ಷಣ ನುಡಿಸುವುದರಲ್ಲಿ ಜಗತ್ತಿಗೇ ಹೆಸರಾದವರು. ಆ ಕಲೆ ಇಲ್ಲದಿದ್ದರೆ ಈ ಖರ್ಚಿನಲ್ಲಿ ಈ ರೆಕಾರ್ಡಿಂಗ್‌ಗಳು ಆಗುತ್ತಲೇ ಇರಲಿಲ್ಲ. ಒಮ್ಮೆ ಪೂರ್ತಿ ನುಡಿಸುತ್ತಾರೆ. ನಿರ್ಮಾಪಕರು ಪಕ್ಕದ ಕೋಣೆಯಲ್ಲಿ ಪೂರ್ಣ ಪ್ರತಿ ಹಿಡಿದು ಕೂತು, ಎಲ್ಲಿ ಕೊಂಬು ತಡವಾಯಿತು, ಎಲ್ಲಿ ಕುರ್ಚಿ ಕಿರುಗುಟ್ಟಿತು ಎಂದು ಗುರುತು ಹಾಕಿಕೊಳ್ಳುತ್ತಾರೆ. ಆ ತುಂಡುಗಳನ್ನು ಮತ್ತೆ ನುಡಿಸಿ ಕೊನೆಗೆ ಜೋಡಿಸುತ್ತಾರೆ.

ದುಡ್ಡು ಎಲ್ಲಿಂದ? ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ವಿಷಯ ಇದೆ. ವಾನ್ ವಿಲಿಯಮ್ಸ್ 1956ರಲ್ಲಿ ಒಂದು ಟ್ರಸ್ಟ್ ಮಾಡಿ ತಮ್ಮ ಕೃತಿಗಳ ಗೌರವಧನ ಅದಕ್ಕೆ ಹೋಗುವಂತೆ ಮಾಡಿದರು. ಆ ಹಣ ಬೇರೆ ಬ್ರಿಟಿಷ್ ಸಂಯೋಜಕರ ಸಂಗೀತವನ್ನು ನುಡಿಸಲು, ರೆಕಾರ್ಡ್ ಮಾಡಲು. ಅಂದರೆ ಅವರ ಸಂಗೀತ ಜಗತ್ತಿನಲ್ಲಿ ಎಲ್ಲಿ ನುಡಿದರೂ, ಹೆಸರು ಸಿಗದ ಇನ್ನೊಬ್ಬರಿಗೆ ಅದರ ಪಾಲು ಸಿಗುತ್ತಿತ್ತು. ಹೋಲ್ಸ್ಟ್ ಹೆಸರಿನ ಪ್ರತಿಷ್ಠಾನವೂ ಇದೇ ರೀತಿ ನಡೆದುಕೊಂಡಿತು. ಇಂಥ ಟ್ರಸ್ಟ್‌ಗಳ ಹೆಸರು ಸಿಡಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

1979ರಲ್ಲಿ ಕೋಲ್ಚೆಸ್ಟರ್‌ನಲ್ಲಿ ಬ್ರಿಯಾನ್ ಕೌಝೆನ್ಸ್ ಚಾಂಡೋಸ್ ಕಂಪನಿ ಕಟ್ಟಿದರು. 1980ರಲ್ಲಿ ಟೆಡ್ ಪೆರಿ ಹೈಪೀರಿಯನ್ ಶುರುಮಾಡಿದರು. ಆರಂಭದ ದಿನಗಳಲ್ಲಿ ಬಾಡಿಗೆ ಕಾರು ಓಡಿಸಿ ಅದಕ್ಕೆ ಹಣ ಹೊಂದಿಸುತ್ತಿದ್ದವರು ಅವರು. ಹೈಪೀರಿಯನ್‌ನ ಮೊದಲ ತಟ್ಟೆಯೇ ಫಿಂಜಿ ಮತ್ತು ಸ್ಟ್ಯಾನ್‌ಫೋರ್ಡ್ ಅವರ ಕ್ಲಾರಿನೆಟ್ ಕಾಂಚೆರ್ಟೊಗಳು. ಚಾಂಡೋಸ್ ಬಿಬಿಸಿಯ ಪ್ರಾದೇಶಿಕ ಆರ್ಕೆಸ್ಟ್ರಾಗಳ ಜೊತೆ ಕೈಜೋಡಿಸಿತು. ಅಲ್ಲಿನ ವಾದಕರು ತಿಂಗಳ ಸಂಬಳದವರು. ರೇಡಿಯೊಗೆ ಕಾರ್ಯಕ್ರಮ, ಕಂಪನಿಗೆ ಸಿಡಿ, ಖರ್ಚು ಹಂಚಿಕೆ. ಒಂದು ಕಾಲಕ್ಕೆ ಬಾಗಿಲು ಮುಚ್ಚಿತು ಎಂದು ದೂರಲಾಗಿದ್ದ ಸಂಸ್ಥೆಯ ಆರ್ಕೆಸ್ಟ್ರಾಗಳೇ ಈಗ ಆ ಸಂಯೋಜಕರನ್ನು ನುಡಿಸುತ್ತಿವೆ. 2018ರಿಂದ ಬರುತ್ತಿರುವ ರೂತ್ ಗಿಪ್ಸ್ ಸರಣಿ ಹೀಗೇ ಆದದ್ದು. ಗಿಪ್ಸ್ ಹೆಣ್ಣೆಂಬ ಕಾರಣಕ್ಕೆ ಎದುರಿಸಿದ ಅಡ್ಡಿಗಳ ಜೊತೆ ಹಳೇ ಶೈಲಿ ಎಂಬ ಹಣೆಪಟ್ಟಿಯೂ ಸೇರಿಕೊಂಡಿತ್ತು. ತನಗೆ ಆರ್ಕೆಸ್ಟ್ರಾ ಕೊಡುವವರಿಲ್ಲ ಎಂದು ತಾವೇ ಲಂಡನ್ನಿನಲ್ಲಿ ಎರಡು ಆರ್ಕೆಸ್ಟ್ರಾ ಕಟ್ಟಿದ ಗಟ್ಟಿಗಿತ್ತಿ ಅವರು.

ಇನ್ನೊಂದು ದಾರಿ ದೇಶದ ಹೊರಗೆ. ಹಾಂಗ್‌ಕಾಂಗ್‌ನಲ್ಲಿದ್ದ ಕ್ಲಾಸ್ ಹೈಮನ್ ಅವರ ಮಾರ್ಕೊ ಪೋಲೊ ಕಂಪನಿ ಖರ್ಚು ಕಡಿಮೆ ಇದ್ದ ಪೂರ್ವ ಯುರೋಪಿಗೆ ಹೋಯಿತು. ಬ್ರಿಯಾನ್ ಅವರ ಗಾಥಿಕ್ ಸಿಂಫನಿ ಎಂದರೆ ಭಾರೀ ಆರ್ಕೆಸ್ಟ್ರಾ, ಹಲವು ಗಾಯಕವೃಂದಗಳು, ನಾಲ್ವರು ಏಕವ್ಯಕ್ತಿ ಗಾಯಕರು, ಹೆಚ್ಚುಕಡಿಮೆ ಒಂದೂಮುಕ್ಕಾಲು ಗಂಟೆ. 1989ರಲ್ಲಿ ಅದರ ಮೊದಲ ಸ್ಟುಡಿಯೊ ರೆಕಾರ್ಡಿಂಗ್ ಆದದ್ದು ಲಂಡನ್ನಿನಲ್ಲಲ್ಲ, ಬ್ರಾಟಿಸ್ಲಾವಾದಲ್ಲಿ.

1990ರ ದಶಕದಲ್ಲಿ ಕಂಪ್ಯೂಟರ್‌ನಲ್ಲಿ ಸ್ವರಲಿಪಿ ಬರೆಯುವ ತಂತ್ರಾಂಶ ಬಂದು ಹಾಳೆಗಳ ತಲೆನೋವು ಇಳಿಯಿತು. ಪೂರ್ಣ ಪ್ರತಿಯನ್ನು ಒಮ್ಮೆ ಒಳಗೆ ಹಾಕಿದರೆ ವಾದಕರ ಹಾಳೆಗಳನ್ನು ಅದೇ ಬೇರ್ಪಡಿಸಿ ಕೊಡುತ್ತದೆ. ಕೈಬರಹದಲ್ಲೇ ಉಳಿದಿದ್ದ ಕೃತಿಗಳು ಸಾಲಾಗಿ ರೆಕಾರ್ಡ್ ಆಗತೊಡಗಿದ್ದಕ್ಕೆ ಇದೂ ಒಂದು ಮುಖ್ಯ ಕಾರಣ.

ಫೌಲ್ಡ್ಸ್ ಮತ್ತು ನಮ್ಮ ಮೇಳಕರ್ತ

ಇಷ್ಟು ಜನರಲ್ಲಿ ಕನ್ನಡಿಗರು ಮೊದಲು ಕೇಳಬೇಕಾದವರು ಜಾನ್ ಫೌಲ್ಡ್ಸ್. ಮ್ಯಾಂಚೆಸ್ಟರ್‌ನಲ್ಲಿ 1880ರಲ್ಲಿ ಹುಟ್ಟಿ, ಹ್ಯಾಲೆ ಆರ್ಕೆಸ್ಟ್ರಾದಲ್ಲಿ ಚೆಲ್ಲೊ ನುಡಿಸುತ್ತಿದ್ದವರು. ಮೊದಲ ಮಹಾಯುದ್ಧದಲ್ಲಿ ಸತ್ತವರಿಗಾಗಿ ವರ್ಲ್ಡ್ ರೆಕ್ವಿಯಂ ಎಂಬ ಬೃಹತ್ ಕೃತಿ ಬರೆದರು. 1923ರಿಂದ 1926ರವರೆಗೆ ಪ್ರತಿ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಅದು ನಡೆಯಿತು. ಸಾವಿರಕ್ಕೂ ಹೆಚ್ಚು ಜನ ಹಾಡಿ ನುಡಿಸಿದರು. ಆಮೇಲೆ ನಿಂತೇಹೋಯಿತು. ಮತ್ತೆ ನುಡಿದದ್ದು 2007ರ ನವೆಂಬರ್ 11ರಂದು. ಅದರ ರೆಕಾರ್ಡಿಂಗ್ ಚಾಂಡೋಸ್‌ನಲ್ಲಿದೆ.

ಫೌಲ್ಡ್ಸ್ ಪತ್ನಿ ಮಾಡ್ ಮೆಕಾರ್ಥಿ ಪಿಟೀಲು ವಾದಕಿ. 20ನೇ ಶತಮಾನದ ಮೊದಲ ದಶಕದಲ್ಲಿ ಆನಿ ಬೆಸೆಂಟ್ ಜೊತೆ ಭಾರತಕ್ಕೆ ಬಂದು ಇಲ್ಲಿನ ಸಂಗೀತ ಕಲಿತಿದ್ದರು. ಅವರಿಂದ ಫೌಲ್ಡ್ಸ್‌ಗೆ ನಮ್ಮ ಕರ್ನಾಟಕ ಸಂಗೀತದ 72 ಮೇಳಕರ್ತಗಳ, ಅಂದರೆ ಮೂಲ ರಾಗಗಳ ಪರಿಚಯವಾಯಿತು. ಆ ಪದ್ಧತಿಯಿಂದ ಸ್ವರಶ್ರೇಣಿಗಳನ್ನು ಆರಿಸಿಕೊಂಡು ಪಿಯಾನೊಗೆ ಕೃತಿಗಳನ್ನು ಬರೆದರು. ಡೈನಮಿಕ್ ಟ್ರಿಪ್ಟಿಕ್ ಎಂಬ ಪಿಯಾನೊ ಕಾಂಚೆರ್ಟೊದ ಮೊದಲ ಭಾಗ ಒಂದೇ ಏಳು ಸ್ವರಗಳ ಶ್ರೇಣಿಯೊಳಗೆ ನಡೆಯುತ್ತದೆ. ಅನ್ಯಸ್ವರ ಇಲ್ಲ. ಎರಡನೆಯ ಭಾಗದಲ್ಲಿ ತಂತಿವಾದ್ಯಗಳು ಕಾಲು ಸ್ವರದಷ್ಟು ಜಾರುತ್ತವೆ. ಇದು 1920ರ ದಶಕದ ಕೊನೆಯಲ್ಲಿ ಬರೆದದ್ದು!

1935ರಲ್ಲಿ ಫೌಲ್ಡ್ಸ್ ಭಾರತಕ್ಕೇ ಬಂದರು. ದೆಹಲಿಯಲ್ಲಿ ಆಕಾಶವಾಣಿಯ ಪಾಶ್ಚಾತ್ಯ ಸಂಗೀತ ವಿಭಾಗದ ಮುಖ್ಯಸ್ಥರಾದರು. ಭಾರತೀಯ ವಾದ್ಯಗಳ ಒಂದು ವೃಂದ ಕಟ್ಟಿದರು. ಹಾರ್ಮೋನಿಯಂನ ಸ್ಥಿರ ಸ್ವರಗಳು ಭಾರತೀಯ ಸಂಗೀತಕ್ಕೆ ಹಾನಿ ಎಂದು 1938ರಲ್ಲಿ ಲೇಖನ ಬರೆದರು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ನಿಷೇಧಿಸಿದ್ದಕ್ಕೆ ಆ ವಾದವೂ ಬಲ ಕೊಟ್ಟಿತು. ಧಾರವಾಡ, ಹುಬ್ಬಳ್ಳಿ ಕಡೆಯ ಸಂಗೀತಗಾರರಿಗೆ ಆ ನಿಷೇಧ ಎಷ್ಟು ದೊಡ್ಡ ವಿಷಯವಾಗಿತ್ತು ಎಂದು ಹಿಂದೂಸ್ತಾನಿ ಕೇಳುವವರಿಗೆ ಹೇಳಬೇಕಿಲ್ಲ. ಅದನ್ನು ನೋಡಲು ಫೌಲ್ಡ್ಸ್ ಇರಲಿಲ್ಲ. 1939ರ ಏಪ್ರಿಲ್‌ನಲ್ಲಿ ಕಲ್ಕತ್ತಾದಲ್ಲಿ ಕಾಲರಾ ತಗುಲಿ ತೀರಿಕೊಂಡರು. ಭಾರತದಲ್ಲಿ ಬರೆದ ಸಿಂಫನಿ ಆಫ್ ಈಸ್ಟ್ ಅಂಡ್ ವೆಸ್ಟ್ ಕಳೆದುಹೋಗಿದೆ. ಪೂರ್ಣ ಪ್ರತಿಯೇ ಇಲ್ಲದ ಮೇಲೆ ಯಾವ ಟ್ರಸ್ಟಿನ ಹಣವೂ ಏನೂ ಮಾಡಲಾರದು.

ಉಳಿದ ಕೃತಿಗಳು ಬೆಳಕಿಗೆ ಬಂದದ್ದು ಸಂಗೀತ ವಿಮರ್ಶಕ ಮಾಲ್ಕಂ ಮ್ಯಾಕ್‌ಡೊನಾಲ್ಡ್ ಅವರಿಂದ. ಅವರು ಫೌಲ್ಡ್ಸ್ ಹಸ್ತಪ್ರತಿಗಳನ್ನು ಹುಡುಕಿ, ಓದಿ, ಇತರರಿಗೆ ತೋರಿಸಿದರು. 1980ರ ದಶಕದಲ್ಲಿ ಹೋವರ್ಡ್ ಶೆಲ್ಲಿ ಪಿಯಾನೊ, ವರ್ನನ್ ಹ್ಯಾಂಡ್ಲಿ ನಿರ್ದೇಶನದಲ್ಲಿ ಡೈನಮಿಕ್ ಟ್ರಿಪ್ಟಿಕ್ ಲೈರಿಟಾದಲ್ಲಿ ಬಂತು. ಮುಂದಿನ ದಶಕದಲ್ಲಿ ಬ್ಯಾರಿ ವರ್ಡ್ಸ್‌ವರ್ತ್ ನಿರ್ದೇಶನದಲ್ಲಿ ತ್ರೀ ಮಂತ್ರಾಸ್ ಬಂತು. 2000ದ ನಂತರ ಫಿನ್‌ಲೆಂಡಿನ ಸಕಾರಿ ಒರಾಮೊ ಬರ್ಮಿಂಗ್‌ಹ್ಯಾಮ್ ಆರ್ಕೆಸ್ಟ್ರಾ ಜೊತೆ ಎರಡು ಸಿಡಿ ಮಾಡಿದರು.

ಎಷ್ಟು ಸಲ ರೆಕಾರ್ಡ್ ಆಯಿತು ಎಂಬುದೂ ಮುಖ್ಯ. ಒಂದೇ ರೆಕಾರ್ಡಿಂಗ್ ಇದ್ದರೆ ಕೃತಿಯ ಕೊರತೆ ಯಾವುದು, ನುಡಿಸಿದವರ ಆತುರ ಯಾವುದು ಗೊತ್ತಾಗುವುದಿಲ್ಲ. ಬ್ಯಾಕ್ಸ್ ವಿಷಯದಲ್ಲಿ ಹೀಗೇ ಆಗಿತ್ತು. ಅವರ ಸಿಂಫನಿಗಳು ಸಡಿಲ, ಅಲೆಮಾರಿ ಎಂಬ ಮಾತು ಬಹಳ ಕಾಲ ನಡೆಯಿತು. ಚಾಂಡೋಸ್‌ಗೆ ಬ್ರೈಡನ್ ಥಾಮ್ಸನ್ 1980ರ ದಶಕದಲ್ಲಿ ಏಳನ್ನೂ ವಿಶಾಲವಾಗಿ, ನಿಧಾನವಾಗಿ ನುಡಿಸಿದರು. 2003ರಲ್ಲಿ ಅದೇ ಕಂಪನಿಗೆ ವರ್ನನ್ ಹ್ಯಾಂಡ್ಲಿ ಬಿಗಿಯಾಗಿ ಕಟ್ಟಿದಾಗ ಅದೇ ಸಿಂಫನಿಗಳ ಬೆನ್ನೆಲುಬು ಕಾಣಿಸಿತು. ಬ್ರಿಯಾನ್ ಅವರ ಎಷ್ಟೋ ಸಿಂಫನಿಗಳಿಗೆ ಆ ಎರಡನೆಯ ಅವಕಾಶ ಇನ್ನೂ ಸಿಕ್ಕಿಲ್ಲ. ಹಾಗಂತ ಮರೆತುಹೋದದ್ದೆಲ್ಲ ಚಿನ್ನ ಅಂತಲೂ ನಾನು ಹೇಳುವುದಿಲ್ಲ. ಎಷ್ಟೋ ಕೃತಿಗಳನ್ನು ಒಮ್ಮೆ ಕೇಳಿದರೆ ಸಾಕು ಅನ್ನಿಸುತ್ತದೆ. ಆ ತೀರ್ಮಾನವನ್ನು ಕೇಳಿದ ಮೇಲೆ ಮಾಡಬೇಕು ಅಲ್ವಾ?

ಎಲ್ಲಿಂದ ಶುರುಮಾಡುವುದು? ಬ್ಯಾಕ್ಸ್ ಅವರ ಟಿಂಟಾಜೆಲ್ 15 ನಿಮಿಷದ ಸಮುದ್ರ ಚಿತ್ರ, ಮೊದಲಿಗೆ ಅದು ಸುಲಭ. ನಂತರ ಮೊರಾನ್ ಸಿಂಫನಿ, ಸಾಧ್ಯವಾದರೆ ಹ್ಯೂವರ್ಡ್ ಅವರದೇ. ಆಮೇಲೆ ಫೌಲ್ಡ್ಸ್ ಅವರ ಮೂರು ಮಂತ್ರಗಳು. ಮೊದಲನೆಯದು ಕ್ರಿಯೆಯ ಮಂತ್ರ, ಎರಡನೆಯದು ಆನಂದದ್ದು, ಅದರಲ್ಲಿ ಹೆಂಗಸರ ವೃಂದ ಪದಗಳಿಲ್ಲದೆ ಹಾಡುತ್ತದೆ. ಮೂರನೆಯದು ಸಂಕಲ್ಪದ ಮಂತ್ರ. ಇದು ಮೊದಲಿನಿಂದ ಕೊನೆಯವರೆಗೆ ಏಳೇ ಸ್ವರಗಳಲ್ಲಿ ನಡೆಯುತ್ತದೆ, ದೊಡ್ಡ ಆರ್ಕೆಸ್ಟ್ರಾದ ಪೂರ್ತಿ ಬಲದಲ್ಲಿ. ಹಾಡುಗಾರಿಕೆ ಕಲಿತವರು ಪಕ್ಕದಲ್ಲಿ ತಂಬೂರಿ ಶ್ರುತಿ ಇಟ್ಟುಕೊಂಡು, ಆ ಏಳು ಸ್ವರ ಯಾವ ಮೇಳಕ್ಕೆ ಹೊಂದುತ್ತವೆ ಎಂದು ತಾವೇ ಗುರುತಿಸಿ ನೋಡಬಹುದು.